ಅದು 1948ರ ಗಾಡಿ ಅಲ್ಲ ಸ್ವಾಮಿ, ಆ ಮರ ಶೋಕಿಗೂ ಅಲ್ಲ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಚಿಕ್ಕಮಗಳೂರಲ್ಲಿ ನಡೆದ ಹಳೇ ಕಾರುಗಳ ಪ್ರದರ್ಶನದ ಫೋಟೋ ಹಾಕಿದ್ರಲ್ಲ, ಈ ಪತ್ರ ಅದರ ಬಗ್ಗೆ. ಮೊದಲು ಥ್ಯಾಂಕ್ಸ್ ಹೇಳಿಬಿಡ್ತೀನಿ, ಯಾಕಂದ್ರೆ ನಮ್ಮ ಜಿಲ್ಲೆ ಪುಟ ತೆಗೆದ್ರೆ ಆನೆ ತೋಟಕ್ಕೆ ನುಗ್ಗಿದ್ದು, ಕಾಫಿ ರೇಟು ಇಳಿದಿದ್ದು, ಘಾಟಿ ರಸ್ತೆ ಕುಸಿದಿದ್ದು ಇಷ್ಟೇ ಇರುತ್ತೆ, ಅದರ ಮಧ್ಯೆ ಒಂದು ಮೋರಿಸ್ ಮೈನರ್ ಟ್ರಾವೆಲರ್ (ಇಂಗ್ಲೆಂಡಿನ ಮೋರಿಸ್ ಕಂಪನಿಯ ಮೈನರ್ ಕಾರಲ್ಲಿ ಹಿಂದೆ ಉದ್ದಕ್ಕೆ ಜಾಗ ಇರೋ ಮಾದರಿ) ಫೋಟೋ ನೋಡಿ ನಾನು ಕಾಫಿ ಲೋಟ ಕೆಳಗಿಟ್ಟು ಕನ್ನಡಕ ಹುಡುಕಿದೆ.

ಕನ್ನಡಕ ಹಾಕ್ಕೊಂಡು ಫೋಟೋ ಕೆಳಗಿನ ಮೂರು ಸಾಲು ಓದಿದೆ. "1948ರ ಮೋರಿಸ್ ಮೈನರ್ ಟ್ರಾವೆಲರ್, 1000 ಸಿಸಿ ಎಂಜಿನ್, ಅಂದಕ್ಕಾಗಿ ಮರದ ಪಟ್ಟಿಗಳನ್ನು ಅಳವಡಿಸಲಾಗಿದೆ, ಕಾಫಿ ಎಸ್ಟೇಟುಗಳಿಗಾಗಿಯೇ ತಯಾರಾದ್ದರಿಂದ ಎಸ್ಟೇಟ್ ಕಾರ್ ಎಂಬ ಹೆಸರು." ಮಾರಾಯ್ರೆ, ಮೂರು ಸಾಲಲ್ಲಿ ನಾಲ್ಕು ತಪ್ಪು. ನಿಮ್ಮ ವರದಿಗಾರರು ಚಿಕ್ಕ ಹುಡುಗರಿರಬೇಕು, ಅವರನ್ನ ಬೈಬೇಡಿ, ಪಕ್ಕದಲ್ಲಿ ನಿಂತೋರು ಹೇಳಿದ್ದನ್ನ ಬರ್ಕೊಂಡಿರ್ತಾರೆ. ಆದ್ರೆ ನಮ್ಮ ಮನೆ ಕಣದ ಪಕ್ಕದ ಶೆಡ್ಡಲ್ಲಿ ಇದೇ ಜಾತಿ ಗಾಡಿ ಒಂದು ನಲವತ್ತು ವರ್ಷದಿಂದ ನಿಂತಿದೆ, ಅದಕ್ಕೆ ಸುಮ್ನಿರೋಕೆ ಆಗ್ಲಿಲ್ಲ.

ಕಡೇ ತಪ್ಪಿನಿಂದ ಶುರು ಮಾಡ್ತೀನಿ ಯಾಕಂದ್ರೆ ಅದು ಓದಿ ನನಗೆ ನಗು ಬಂತು, ಸ್ವಲ್ಪ ಹೆಮ್ಮೆನೂ ಆಯ್ತು. ಎಸ್ಟೇಟ್ ಕಾರ್ ಅನ್ನೋ ಎಸ್ಟೇಟು ನಮ್ಮ ಕಾಫಿ ಎಸ್ಟೇಟಲ್ಲ. ಇಂಗ್ಲೆಂಡಿನ ಶ್ರೀಮಂತರಿಗೆ ಹಳ್ಳಿ ಕಡೆ ದೊಡ್ಡ ಜಮೀನು ಬಂಗಲೆ ಇರ್ತಿತ್ತಲ್ಲ, ಅದು ಅವರ ಎಸ್ಟೇಟು. ರೈಲ್ವೆ ಸ್ಟೇಷನ್ನಿಂದ ನೆಂಟರನ್ನ, ಪೆಟ್ಟಿಗೆಗಳನ್ನ, ಬೇಟೆ ಬಂದೂಕು ನಾಯಿ ಎಲ್ಲ ತುಂಬ್ಕೊಂಡು ಬರೋಕೆ ಹಿಂದೆ ಉದ್ದಕ್ಕೆ ಜಾಗ ಇರೋ ಗಾಡಿ ಬೇಕಿತ್ತು. ಮೊದಲು ಕುದುರೆ ಗಾಡಿ ಇತ್ತು, ಅದಕ್ಕೆ ಶೂಟಿಂಗ್ ಬ್ರೇಕ್ ಅಂತಿದ್ರು, ಆಮೇಲೆ ಕಾರಿನ ಚಾಸಿ, ಅಂದ್ರೆ ಅಡಿ ಚೌಕಟ್ಟಿನ ಮೇಲೆ ಮರದ ಪೆಟ್ಟಿಗೆ ಕೂರಿಸಿ ಅದೇ ಕೆಲಸ ಮಾಡಿದ್ರು. ಅಮೆರಿಕದೋರು ಇದನ್ನೇ ಸ್ಟೇಷನ್ ವ್ಯಾಗನ್ ಅಂದ್ರು. ಆದ್ರೆ ನಮ್ಮ ಕಡೆ ತೋಟದ ಬಿಳಿ ದೊರೆಗಳು ಇಂಥ ಗಾಡೀಲಿ ಕಾಫಿ ಸಸಿ, ಸಂಬಳದ ಚೀಲ, ನಾಯಿ ಮೂರನ್ನೂ ಒಟ್ಟಿಗೆ ತುಂಬ್ಕೊಂಡು ಓಡಾಡಿದ್ದು ನಿಜ, ಹಂಗಾಗಿ ನಿಮ್ಮ ಹುಡುಗ ಪೂರ್ತಿ ಸುಳ್ಳು ಹೇಳ್ಲಿಲ್ಲ ಬಿಡಿ.

ಈಗ ಮರದ ವಿಷಯ. ನನಗೆ ಸಿಟ್ಟು ಬಂದಿದ್ದು ಇದಕ್ಕೇ.

ಆ ಮರ ಅಂದಕ್ಕೆ ಹಾಕಿದ್ದಲ್ಲ. ಟ್ರಾವೆಲರ್ ಕಾರಿನ ಮುಂದಿನ ಅರ್ಧ, ಅಂದ್ರೆ ಬಾನೆಟ್ಟು, ಗ್ಲಾಸು, ಎರಡು ಬಾಗಿಲು, ಮಾಮೂಲಿ ಎರಡು ಬಾಗಿಲಿನ ಮೈನರ್ ಸಲೂನಿಂದೇ, ಸಲೂನ್ ಅಂದ್ರೆ ಪೂರ್ತಿ ಮುಚ್ಚಿದ ಬಾಡಿಯ ಮಾಮೂಲಿ ಕಾರು. ಬಾಗಿಲು ದಾಟಿ ಹಿಂದಕ್ಕೆ ಬಂದ್ರೆ ಕೆಳಗೆ ತಗಡಿನ ನೆಲ ಹಂಗೇ ಮುಂದುವರಿಯುತ್ತೆ, ಅದರ ಮೇಲೆ ನಿಂತಿರೋದು ಪೂರ್ತಿ ಆಶ್ ಮರದ ಚೌಕಟ್ಟು. ಆಶ್ ಅಂದ್ರೆ ಬೂದಿ ಅಲ್ಲ, ಅದೊಂದು ಮರದ ಹೆಸರು, ಕ್ರಿಕೆಟ್ ಸ್ಟಂಪು, ಕೊಡಲಿ ಕಾವು ಇವನ್ನೆಲ್ಲ ಅಲ್ಲಿ ಅದರಲ್ಲೇ ಮಾಡ್ತಾರೆ, ಪೆಟ್ಟು ತಡಿಯುತ್ತೆ, ಬಳುಕುತ್ತೆ, ತೂಕನೂ ಜಾಸ್ತಿ ಇಲ್ಲ. ಆ ಚೌಕಟ್ಟಿನ ಸಂದಿಗಳಲ್ಲಿ ಅಲ್ಯೂಮಿನಿಯಂ ತಗಡು ಕೂರಿಸಿದಾರೆ, ಮೇಲೆ ರೂಫೂ ಅಲ್ಯೂಮಿನಿಯಂ, ಪಕ್ಕದಲ್ಲಿ ಸರಿಯೋ ಗಾಜು, ಹಿಂದೆ ಬೀರು ತರ ಎರಡು ಕಡೆ ತೆಗೆಯೋ ಬಾಗಿಲು. ಮರ ಹೊರಗೆ ಕಾಣುತ್ತಲ್ಲ, ಅದಕ್ಕೇ ಎಲ್ಲರೂ ಡೆಕೋರೇಷನ್ ಅನ್ಕೊಂಡುಬಿಡ್ತಾರೆ. ನಮ್ಮ ಹಳೇ ತೊಟ್ಟಿಮನೇಲಿ ಕಂಬ ತೊಲೆ ಕಣ್ಣಿಗೆ ಕಾಣುತ್ತೆ ಅಂತ ಅದನ್ನ ಅಲಂಕಾರ ಅಂತೀರಾ, ತೆಗೆದ್ರೆ ಹೆಂಚು ತಲೆ ಮೇಲೆ ಬರುತ್ತೆ, ಇಲ್ಲೂ ಹಂಗೇ.

ನನಗೆ ಇದು ಪುಸ್ತಕ ಓದಿ ಗೊತ್ತಾಗಿದ್ದಲ್ಲ. ನಮ್ಮಪ್ಪ ಆಲ್ದೂರು ಕಡೆ ಒಂದು ತೋಟದಲ್ಲಿ ರೈಟರ್, ಅಂದ್ರೆ ಲೆಕ್ಕ ಬರೆಯೋ ಗುಮಾಸ್ತ, ಆಗಿದ್ರು. ತೋಟದ ದೊರೆ ಊರಿಗೆ ವಾಪಸ್ ಹೋಗೋವಾಗ ಬಂಗಲೆ ಸಾಮಾನೆಲ್ಲ ಮಾರಿದ್ರು, ಈ ಗಾಡಿನ ಮಾತ್ರ ಅಪ್ಪನ ಕೈಗೆ ಬೀಗದ ಕೈ ಕೊಟ್ಟು ಬಾಕಿ ಸಂಬಳಕ್ಕೆ ವಜಾ ಹಾಕ್ಕೊಂಡು ಹೋದ್ರಂತೆ, ಅಮ್ಮ ಸಾಯೋವರೆಗೂ ಅದನ್ನ ಎತ್ತಿ ಆಡ್ತಿದ್ಲು, ಸಂಬಳ ಕೇಳಿದ್ರೆ ಮರದ ಪೆಟ್ಟಿಗೆ ತಂದ್ರು ಅಂತ. ಬೂದು ಬಣ್ಣ, ಒಳಗೆ ಕೆಂಪು ಸೀಟು. ಹತ್ತಿಪ್ಪತ್ತು ವರ್ಷ ಅದರಲ್ಲೇ ನಾವು ಸಂತೆಗೆ, ಆಸ್ಪತ್ರೆಗೆ, ಬೇಲೂರು ತೇರಿಗೆ ಹೋಗಿದ್ದು, ಹಿಂದಿನ ಸೀಟು ಮಡಚಿದ್ರೆ ನಾವು ಐದು ಮಕ್ಕಳು ಅಲ್ಲೇ ಉರುಳಾಡ್ತಿದ್ವಿ.

ಮಲೆನಾಡಿನ ಮಳೆ ನಿಮಗೆ ಗೊತ್ತಲ್ಲ, ಜೂನಲ್ಲಿ ಹಿಡಿದ್ರೆ ಬಟ್ಟೆ ಒಣಗೋದು ದಸರಾಕ್ಕೆ. ಟ್ರಾವೆಲರ್ ಗಾಡಿಯ ಪಕ್ಕದ ಗಾಜು ಸರಿಯೋ ಕಾಲುವೆ ಇದೆಯಲ್ಲ, ಅದರಲ್ಲಿ ನೀರು ನಿಂತು ಪಾಚಿ ಬೆಳೆಯುತ್ತೆ. ಇಂಗ್ಲೆಂಡಲ್ಲೂ ಬೆಳೆಯುತ್ತಂತೆ, ಅಲ್ಲಿ ಅದು ಜೋಕು. ನಮ್ಮ ಗಾಡೀಲಿ ಒಂದು ಮಳೆಗಾಲ ಪಾಚಿ ಜೊತೆಗೆ ಸಣ್ಣ ಜರೀಗಿಡವೇ ಹುಟ್ಟಿತ್ತು, ತಂಗಿ ಅದಕ್ಕೆ ದಿನಾ ನೀರು ಹಾಕ್ತಿದ್ಲು. ನಗೋಕೆ ಚೆನ್ನಾಗಿರುತ್ತೆ, ಆದ್ರೆ ಆ ನೀರು ಕೆಳಗಿಳಿದು ಹಿಂದಿನ ಚಕ್ರದ ಮೇಲೆ ಅಡ್ಡ ಹಾದು ಹೋಗೋ ಮರ ಮತ್ತೆ ಅದರ ಕೂಡುಸಂದಿಗಳು ಇರ್ತವಲ್ಲ, ಅಲ್ಲಿ ಕೂತ್ಕೊಳುತ್ತೆ. ಆಶ್ ಮರಕ್ಕೆ ಪೆಟ್ಟು ತಡಿಯೋ ಗುಣ ಇದೆ, ನೀರು ತಡಿಯೋ ಗುಣ ಇಲ್ಲ. ವಾರ್ನಿಷ್ ಒಂದು ಕಡೆ ಬಿರುಕು ಬಿಟ್ರೆ ಅಲ್ಲಿಂದ ಕಪ್ಪು ಕಲೆ, ಆಮೇಲೆ ಸ್ಕ್ರೂಡ್ರೈವರ್ ಚುಚ್ಚಿದ್ರೆ ಹಲ್ವಾಕ್ಕೆ ಚುಚ್ಚಿದಂಗೆ ಒಳಗೆ ಹೋಗುತ್ತೆ. ಇಂಗ್ಲೆಂಡಲ್ಲಿ 2018ರವರೆಗೂ ವರ್ಷಕ್ಕೊಂದು ಸಲ ಈ ಗಾಡಿಗಳನ್ನ ಟೆಸ್ಟ್ ಮಾಡೋವಾಗ ಟ್ರಾವೆಲರ್ ಮರ ಕೊಳೆತಿದ್ರೆ ಫೇಲ್ ಮಾಡ್ತಿದ್ರು, ಚಾಸಿ ತುಕ್ಕು ಹಿಡಿದ್ರೆ ಹೆಂಗೆ ಫೇಲೋ ಹಂಗೆ. ಅಲಂಕಾರ ಆಗಿದ್ರೆ ಯಾರಾದ್ರೂ ಫೇಲ್ ಮಾಡ್ತಿದ್ರಾ ಹೇಳಿ.

ನಮ್ಮದೂ ಕೊಳೀತು. ನಮ್ಮೂರ ಆಚಾರಿ, ಪಲ್ಲಕ್ಕಿ ರಿಪೇರಿ ಮಾಡಿದ ಕೈ, ಎಡಗಡೆ ಚೌಕಟ್ಟು ಬಿಚ್ಚಿ ನೋಡ್ತೀನಿ ಅಂದ. ಒಂದೊಂದೇ ಸ್ಕ್ರೂ ಬಿಚ್ಚುತ್ತಾ ಹೋದ ಹಂಗೆ ರೂಫು ಕಿರ್ ಅಂತ ಕೆಳಗೆ ಬಗ್ಗೋಕೆ ಶುರುವಾಯ್ತು, ಎಲ್ಲರೂ ಓಡಿ ಹೋಗಿ ಅಡಿಕೆ ಮರದ ಗಳ ತಂದು ಒಳಗಿಂದ ಆನಿಕೆ ಕೊಟ್ವಿ. ಆಚಾರಿ ಸ್ವಲ್ಪ ಹೊತ್ತು ಸುಮ್ನೆ ನಿಂತು, "ಇದು ಕಾರಲ್ಲ ಅಣ್ಣ, ಚಕ್ರ ಇರೋ ಮನೆ" ಅಂದ. ಆಶ್ ಇಲ್ಲಿ ಎಲ್ಲಿಂದ ತರೋದು, ತೇಗದಲ್ಲಿ ಅಳತೆ ತೆಗೆದು ಮಾಡಿಕೊಟ್ಟ. ತೇಗ ಕೊಳೆಯಲ್ಲ ಸರಿ, ಆದ್ರೆ ಬಣ್ಣ ಬೇರೆ, ಆಶ್ ಹೊಸದಾಗಿದ್ದಾಗ ತಿಳಿ ಜೇನುತುಪ್ಪದ ಬಣ್ಣ, ನಮ್ಮ ಗಾಡಿ ಈಗ ಬಲಗಡೆಯಿಂದ ನೋಡಿದ್ರೆ ಇಂಗ್ಲಿಷು, ಎಡಗಡೆಯಿಂದ ನೋಡಿದ್ರೆ ಮಲ್ನಾಡು.

ನಿಮ್ಮ ಫೋಟೋದಲ್ಲಿರೋ ಗಾಡೀಗೆ ಮರಕ್ಕೆಲ್ಲ ಕಾಫಿ ಡಿಕಾಕ್ಷನ್ ತರ ಗಾಢ ಕಂದು ಪಾಲಿಶ್ ಹೊಡೆದಿದಾರೆ, ಮನೆ ಸೋಫಾಕ್ಕೆ ಹೊಡೆದಂಗೆ. ಕಂಪನಿಯಿಂದ ಬಂದಾಗ ಬರೀ ಪಾರದರ್ಶಕ ವಾರ್ನಿಷ್ ಇರ್ತಿತ್ತು. ಗಾಢ ಬಣ್ಣ ಹೊಡೆದ್ರೆ ಕೊಳೆತಿರೋ ಕಪ್ಪು ಕಲೆ ಕಾಣಲ್ಲ, ಅದೂ ಒಂದು ಕಾರಣ ಇರಬಹುದು, ನಾನು ಯಾರ ಮೇಲೂ ಆರೋಪ ಮಾಡ್ತಿಲ್ಲ.

ಮರ ಸುಳ್ಳು ಸುಳ್ಳೇ ಅಂಟಿಸಿರೋ ಕಾರೂ ಇದ್ವು, ಅದನ್ನೂ ಹೇಳಿಬಿಡ್ತೀನಿ. ಮೈನರ್ ಮಾಡಿದ ಅದೇ ಅಲೆಕ್ ಇಸಿಗೋನಿಸ್ ಆಮೇಲೆ ಮಿನಿ ಅನ್ನೋ ಪುಟ್ಟ ಕಾರು ಮಾಡಿದ್ರಲ್ಲ, ಅದರ ಟ್ರಾವೆಲರ್ 1960ರಲ್ಲಿ ಬಂತು, ಅದಕ್ಕೂ ಇದೇ ತರ ಮರ ಇತ್ತು, ಆದ್ರೆ ಕೆಳಗೆ ಪೂರ್ತಿ ತಗಡಿನ ಬಾಡಿ, ಮೇಲೆ ಮರ ಅಂಟಿಸಿದ್ದು. ಆಮೇಲೆ 1969ರ ಮಿನಿ ಕ್ಲಬ್‌ಮನ್ ಎಸ್ಟೇಟಿಗೆ ಬಂದ್ರೆ ಮರನೂ ಇಲ್ಲ, ಮರದ ಹಂಗೆ ಕಾಣೋ ಪಟ್ಟಿ. ಹದಿನಾರು ವರ್ಷದಲ್ಲಿ ತೊಲೆ ಹೋಗಿ ಸ್ಟಿಕ್ಕರ್ ಬಂತು. ನಿಮ್ಮ ವರದಿಗಾರರು ಆ ಮಿನಿಗೆ "ಅಂದಕ್ಕಾಗಿ" ಅಂತ ಬರೆದಿದ್ರೆ ನಾನು ಈ ಪತ್ರನೇ ಬರೀತಿರಲಿಲ್ಲ.

ಸರಿ, 1948ಕ್ಕೆ ಬರೋಣ. ಈ ವರ್ಷ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಮೋರಿಸ್ ಮೈನರ್ ಮೊದಲು ಜನಕ್ಕೆ ತೋರಿಸಿದ್ದು 1948ರಲ್ಲಿ, ಲಂಡನ್ನಿನ ಅರ್ಲ್ಸ್ ಕೋರ್ಟ್ ಮೋಟರ್ ಶೋನಲ್ಲಿ. ಫೋನಲ್ಲಿ ಹುಡುಕಿದ್ರೆ ಮೊದಲು ಸಿಗೋದೇ ಆ ವರ್ಷ. ಆದ್ರೆ ಅದು ಸಲೂನ್ ಮತ್ತೆ ಟಾಪ್ ಮಡಚೋ ಗಾಡಿ, ಟ್ರಾವೆಲರ್ ಬಂದಿದ್ದು 1953ರ ಅಕ್ಟೋಬರಲ್ಲಿ. 1948ರ ಟ್ರಾವೆಲರ್ ಅನ್ನೋದು ಮದುವೆಗೆ ಮುಂಚೆ ಹುಟ್ಟಿದ ಮೊಮ್ಮಗ ಇದ್ದಂಗೆ.

ಆ ಮೊದಲ ಮೈನರ್ ಬಗ್ಗೆ ಒಂದು ಮಾತು, ಬಿಡೋಕೆ ಮನಸ್ಸಿಲ್ಲ. ಕಾರು ತಯಾರಾಗಿ ನಿಂತ ಮೇಲೆ ಇಸಿಗೋನಿಸ್‌ಗೆ ಅದು ಸಪೂರ ಆಯ್ತು ಅನ್ನಿಸ್ತಂತೆ. ಮಾಡೆಲ್ ಗಾಡೀನ ಉದ್ದಕ್ಕೆ ಎರಡು ಸೀಳು ಮಾಡಿಸಿ, ಎರಡು ಭಾಗನೂ ದೂರ ಸರಿಸ್ತಾ ಸರಿಸ್ತಾ ಕಣ್ಣಿಗೆ ಸರಿ ಅನ್ನಿಸಿದ ಕಡೆ ನಿಲ್ಲಿಸಿದ್ರು, ನಾಲ್ಕು ಇಂಚು ಅಗಲ ಜಾಸ್ತಿ ಆಯ್ತು. ಬಾನೆಟ್ ಮಧ್ಯೆ ಮೂಗಿನ ಮೇಲೆ ನಾಮ ಇಟ್ಟಂಗೆ ಒಂದು ಚಪ್ಪಟೆ ಪಟ್ಟಿ ಇದೆಯಲ್ಲ, ಅದು ಆ ನಾಲ್ಕು ಇಂಚು. ಬಂಪರ್ ಆಗಲೇ ತಯಾರಾಗಿಬಿಟ್ಟಿದ್ವು, ಅದನ್ನೂ ಮಧ್ಯೆ ಕತ್ತರಿಸಿ ತುಂಡು ಸೇರಿಸಿದ್ರು. ಕಂಪನಿ ಯಜಮಾನ ಲಾರ್ಡ್ ನಫೀಲ್ಡ್ ಇದನ್ನ ನೋಡಿ ಒಡೆದು ನೀರಲ್ಲಿ ಬೇಯಿಸಿದ ಮೊಟ್ಟೆ ತರ ಇದೆ ಅಂದಿದ್ರಂತೆ. ಅದೇ ಮೊಟ್ಟೆ 1960ರ ಡಿಸೆಂಬರ್ ಹೊತ್ತಿಗೆ ಹತ್ತು ಲಕ್ಷ ಆಯ್ತು, ಬ್ರಿಟನ್ನಲ್ಲಿ ಆ ಲೆಕ್ಕ ಮುಟ್ಟಿದ ಮೊದಲ ಕಾರು.

ಈಗ ನಿಮ್ಮ ಫೋಟೋದ ಗಾಡಿ ಯಾವ ಕಾಲದ್ದು ಅಂತ ಅದರ ಮುಖ ನೋಡಿಯೇ ಹೇಳಬಹುದು. ನಮ್ಮ ಜನ ಅಂಬಾಸಡರ್ ಗ್ರಿಲ್ ದೂರದಿಂದ ನೋಡಿ ಮಾರ್ಕ್ 2, ಮಾರ್ಕ್ 3, ಮಾರ್ಕ್ 4 ಅಂತ ಹೇಳ್ತಿದ್ರಲ್ಲ, ಹಾಸನ ಬಸ್ ಸ್ಟ್ಯಾಂಡ್ ಟ್ಯಾಕ್ಸಿ ಡ್ರೈವರುಗಳು ಕಣ್ಣು ಮುಚ್ಚಿ ಹಾರ್ನ್ ಕೇಳಿ ಹೇಳೋರು, ಅದೇ ವಿದ್ಯೆ.

ಮೊದಲು ಗ್ಲಾಸ್ ನೋಡಿ. ಶುರುವಿನ ಟ್ರಾವೆಲರ್‌ಗಳಿಗೆ ಮುಂದಿನ ಗ್ಲಾಸು ಎರಡು ತುಂಡು, ಮಧ್ಯೆ ಒಂದು ಕಂಬಿ. ನಿಮ್ಮ ಫೋಟೋದಲ್ಲಿ ಇಡೀ ಒಂದೇ ಗ್ಲಾಸು, ಸ್ವಲ್ಪ ಬಾಗಿರೋದು. ಅದು 1956ರ ಅಕ್ಟೋಬರಲ್ಲಿ ಮೈನರ್ 1000 ಅನ್ನೋ ಹೆಸರಿನ ಜೊತೆ ಬಂದಿದ್ದು. ಅಲ್ಲಿಗೆ ಎಂಟು ವರ್ಷ ಹೋಯ್ತು. ನನ್ನ ಕೇಳಿದ್ರೆ ಎರಡು ತುಂಡಿನ ಗ್ಲಾಸೇ ಚೆಂದ, ಒಂದೇ ಗ್ಲಾಸಲ್ಲಿ ರಸ್ತೆ ಚೆನ್ನಾಗಿ ಕಾಣುತ್ತೆ ಅನ್ನೋದು ಬೇರೆ ಮಾತು.

ಗ್ರಿಲ್ಲು. 1953ರ ಟ್ರಾವೆಲರ್‌ಗೆ ಸಣ್ಣ ಸಂದಿ ಸಂದಿ ಇರೋ ಗ್ರಿಲ್ ಇತ್ತು, ಅದಕ್ಕೆ ಅಲ್ಲಿನ ಜನ ಚೀಸ್ ತುರಿಯೋ ಮಣೆ ಅಂತ ಅಡ್ಡಹೆಸರು ಇಟ್ಟಿದ್ರು, ನಾವಾಗಿದ್ರೆ ಕಾಯಿ ತುರಿಯೋದು ಅಂತಿದ್ವಿ. ಒಂದೇ ವರ್ಷಕ್ಕೆ, 1954ರ ಅಕ್ಟೋಬರಲ್ಲಿ, ಅದನ್ನ ತೆಗೆದು ಅಗಲದ ಅಡ್ಡಪಟ್ಟಿ ಹಾಕಿದ್ರು, ಅದೇ ಸಲ ಸ್ಪೀಡೋಮೀಟರ್ ತಂದು ಡ್ಯಾಶ್‌ಬೋರ್ಡ್ ಮಧ್ಯಕ್ಕೆ ಕೂರಿಸಿದ್ರು, ಪಕ್ಕದಲ್ಲಿ ಕೂತೋರಿಗೂ ಸ್ಪೀಡು ಕಾಣೋ ಹಂಗೆ. ನಮ್ಮಮ್ಮ ಅದನ್ನೇ ನೋಡ್ಕೊಂಡು ಕೂರ್ತಿದ್ಲು, ಮುಳ್ಳು ನಲವತ್ತು ದಾಟಿದ್ರೆ ಅಪ್ಪನ ತೊಡೆಗೆ ಚಿವುಟೋಳು, ಅದು ಮೈಲಿ ಲೆಕ್ಕ ಅಂತ ಅವಳಿಗೆ ಗೊತ್ತೇ ಇರಲಿಲ್ಲ. ನಿಮ್ಮ ಫೋಟೋ ಗಾಡೀಗೆ ಅಡ್ಡಪಟ್ಟಿ ಗ್ರಿಲ್ಲೇ ಇದೆ.

ಆಮೇಲೆ ಇಂಡಿಕೇಟರ್. ಇದು ನನಗೆ ತುಂಬಾ ಇಷ್ಟದ ವಿಷಯ, ಸ್ವಲ್ಪ ಜಾಸ್ತಿ ಬರೀತೀನಿ, ಜಾಗ ಇಲ್ಲ ಅಂದ್ರೆ ಕತ್ತರಿಸಿ. ಹಳೇ ಮೈನರ್‌ಗೆ ಮಿನುಗೋ ಲೈಟ್ ಇರಲಿಲ್ಲ. ಸ್ವಿಚ್ ತಿರುಗಿಸಿದ್ರೆ ಗಾಡಿ ಪಕ್ಕದಿಂದ ಒಂದು ಗೇಣುದ್ದದ ಕೈ ಟಪ್ ಅಂತ ಹೊರಗೆ ಬರೋದು, ರೈಲ್ವೆ ಕೈಮರ ಇದೆಯಲ್ಲ ಹಂಗೆ, ಒಳಗೆ ಸಣ್ಣ ಬಲ್ಬು, ಕಿತ್ತಳೆ ಬಣ್ಣ. ಟ್ರಾಫಿಕೇಟರ್ ಅಂತ ಅದರ ಹೆಸರು, ತೋಟದ ಕೂಲಿಯೋರ ಲೈನ್ ಮನೆ ಮಕ್ಕಳು ದೊರೆ ಕಾರು ಕೈ ಎತ್ತುತ್ತೆ ಅಂತ ಓಡಿ ಬಂದು ನೋಡ್ತಿದ್ವು. ಎಷ್ಟೋ ಸಲ ಕೈ ಹೊರಗೆ ಬಂದಿದ್ದು ಒಳಗೆ ಹೋಗ್ತಿರಲಿಲ್ಲ, ಅಪ್ಪ ಗಾಡಿ ಓಡಿಸ್ತಾನೇ ಬಾಗಿಲ ಗಾಜಿಂದ ಕೈ ಹಾಕಿ ಅದರ ತಲೆ ಮೇಲೆ ಮೊಟಕೋರು. 1961ರಲ್ಲಿ ಇದನ್ನ ತೆಗೆದು ಮಿನುಗೋ ಇಂಡಿಕೇಟರ್ ಹಾಕಿದ್ರು. 1963ರ ಅಕ್ಟೋಬರಲ್ಲಿ ಮುಂದಿನ ಸಣ್ಣ ದೀಪಗಳನ್ನ ದೊಡ್ಡದು ಮಾಡಿದ್ರು, ಕಿತ್ತಳೆ ಇಂಡಿಕೇಟರ್ ಜಾಗ ಬೇರೆ ಆಯ್ತು. ನಿಮ್ಮ ಫೋಟೋ ಗಾಡೀಗೆ ಕೈ ಇಲ್ಲ, ದೀಪ ದೊಡ್ಡವೇ ಇದಾವೆ. ಇನ್ನೂ ಗಟ್ಟಿ ಸಾಕ್ಷಿ ಬೇಕಂದ್ರೆ ವೈಪರ್ ನೋಡಿ. 63ಕ್ಕೆ ಮುಂಚೆ ಮೈನರ್ 1000ರ ಎರಡು ವೈಪರ್ ಎದುರುಬದುರು ಬಂದು ಹೋಗ್ತಿದ್ವು, ಭಜನೆಗೆ ಚಪ್ಪಾಳೆ ಹೊಡೆದಂಗೆ, ಆಮೇಲೆ ಈಗಿನ ಕಾರುಗಳ ತರ ಎರಡೂ ಒಂದೇ ದಿಕ್ಕಿಗೆ. ಫೋಟೋದಲ್ಲಿ ಎರಡೂ ಒಂದೇ ಕಡೆ ಮಲಗಿದಾವೆ.

ಪಕ್ಕದ ಇನ್ನೊಂದು ಚಿಕ್ಕ ಫೋಟೋದಲ್ಲಿ ಒಂದು ಮಗು ಸ್ಟೇರಿಂಗ್ ಹಿಡ್ಕೊಂಡು ಕೂತಿದೆ, ಮಗು ಮುದ್ದಾಗಿದೆ, ಸ್ಟೇರಿಂಗಿಗೆ ಎರಡೇ ಕಡ್ಡಿ ಇದೆ. ಎರಡು ಕಡ್ಡಿ ಸ್ಟೇರಿಂಗ್ ಬಂದಿದ್ದು 1964ರ ಅಕ್ಟೋಬರಲ್ಲಿ, ಅದೇ ಸಲ ಡ್ಯಾಶ್‌ಬೋರ್ಡ್ ಬದಲಾಯ್ತು, ಕೀಲೇ ತಿರುಗಿಸಿ ಸ್ಟಾರ್ಟ್ ಮಾಡೋ ಹಂಗಾಯ್ತು. ಅದಕ್ಕೆ ಮುಂಚೆ ಕೀ ತಿರುಗಿಸಿ, ಆಮೇಲೆ ಒಂದು ಗುಂಡಿ ಎಳೀಬೇಕಿತ್ತು. ಹಂಗಾಗಿ ಯಾರೂ ಆಮೇಲೆ ಬದಲಾಯಿಸಿಲ್ಲ ಅಂದ್ರೆ ನಿಮ್ಮ 1948ರ ಗಾಡಿ 1964ರ ಕಡೆಯಿಂದ 1971ರ ಒಳಗಿಂದು, ಯಾಕಂದ್ರೆ 71ರ ಏಪ್ರಿಲಿಗೆ ಟ್ರಾವೆಲರ್ ನಿಂತೇ ಹೋಯ್ತು, ಸಲೂನು ಅದಕ್ಕೂ ಮುಂಚೆ 1970ರ ನವೆಂಬರಿಗೆ.

1000 ಸಿಸಿ ವಿಷಯಕ್ಕೆ ನಾಲ್ಕೇ ಮಾತು. ಬಾನೆಟ್ ಮೇಲೆ ಮೈನರ್ 1000 ಅಂತ ಬ್ಯಾಡ್ಜ್ ಇದೆ ನಿಜ. ಆದ್ರೆ ಈ ಕಾರಿಗೆ ಯಾವತ್ತೂ 1000 ಸಿಸಿ ಎಂಜಿನ್ ಇರಲೇ ಇಲ್ಲ. ಮೊದಲ ಟ್ರಾವೆಲರ್‌ಗೆ 803, 1956ರಿಂದ 948, 1962ರಿಂದ 1098. ಎಂಜಿನ್ ಸಾವಿರಕ್ಕಿಂತ ಕಮ್ಮಿ ಇದ್ದಾಗಲೂ ಅದೇ ಬ್ಯಾಡ್ಜು, ಜಾಸ್ತಿ ಆದಾಗಲೂ ಅದೇ ಬ್ಯಾಡ್ಜು. ಹತ್ತು ಲಕ್ಷ ಮುಟ್ಟಿದ ಖುಷಿಗೆ ಲೈಲ್ಯಾಕ್, ಅಂದ್ರೆ ತಿಳಿ ನೇರಳೆ ಬಣ್ಣದ 350 ಸಲೂನ್ ಮಾಡಿ ಅದಕ್ಕೆ 1000000 ಅಂತ ಬ್ಯಾಡ್ಜ್ ಹೊಡೆದಿದ್ರು, ಅದು ಪ್ರದರ್ಶನಕ್ಕೆ ಬಂದಿದ್ರೆ ನಿಮ್ಮ ಹುಡುಗ ಹತ್ತು ಲಕ್ಷ ಸಿಸಿ ಅಂತ ಬರೀತಿದ್ನೇನೋ, ತಮಾಷೆಗೆ ಹೇಳಿದೆ, ಬೇಜಾರು ಬೇಡ.

ಇಷ್ಟೆಲ್ಲ ಯಾಕೆ ಎಳೀತಿದಾನೆ ಈ ಮುದುಕ ಅಂತ ಕೇಳಬಹುದು. ನಮ್ಮ ಗಾಡಿ ಕಥೆ ಹೇಳಿದ್ರೆ ಗೊತ್ತಾಗುತ್ತೆ. 1959ರ ಗಾಡಿ ಅದು, ಕೈ ಎತ್ತೋ ಇಂಡಿಕೇಟರು, ಚಪ್ಪಾಳೆ ವೈಪರು, ಎಳೆಯೋ ಸ್ಟಾರ್ಟರು ಎಲ್ಲ ಇತ್ತು. ಎಡಗಡೆ ಕೈ ಒಂದಿನ ದನಕ್ಕೆ ತಗುಲಿ ಮುರೀತು. ನಾನಾಗ ಕಾಲೇಜಲ್ಲಿದ್ದೆ, ಬುದ್ಧಿವಂತ ಅನ್ಕೊಂಡಿದ್ದೆ, ಪೇಟೆಯ ಒಂದು ಗ್ಯಾರೇಜಿಗೆ ಬಿಟ್ಟು ಮಾಡರ್ನ್ ಮಾಡ್ಕೊಡಿ ಅಂದೆ. ಮಾಡ್ಕೊಟ್ರು. ಎಡಗಡೆ ಕೈ ಇದ್ದ ತೂತಿಗೆ ತಗಡು ಬೆಸೆದು ಪುಟ್ಟಿ ಮೆತ್ತಿ ಪೇಂಟ್ ಹೊಡೆದ್ರು, ಮುಂದೆ ಅಂಬಾಸಡರ್ ಇಂಡಿಕೇಟರ್ ಎರಡು ತಂದು ಮಡ್‌ಗಾರ್ಡ್ ಕೊರೆದು ಕೂರಿಸಿದ್ರು, ಬೂದು ಬಣ್ಣ ಹಳೇದು ಅಂತ ಗಿಳಿಹಸಿರು ಹೊಡೆದ್ರು, ಗ್ರಿಲ್ಲಿಗೂ ಅದೇ. ಕಿತ್ತಿದ್ದ ಸಾಮಾನು ವಾಪಸ್ ಕೇಳಿದ್ರೆ ಗುಜರಿಗೆ ಹೋಯ್ತು ಅಂದ್ರು. ಅಪ್ಪ ಗಾಡಿ ಸುತ್ತ ಒಂದು ಸುತ್ತು ಬಂದು ಏನೂ ಅನ್ಲಿಲ್ಲ, ಬಲಗಡೆ ಕೈ ಇನ್ನೂ ಇತ್ತಲ್ಲ, ಅದನ್ನ ಹೊರಗೆ ಎಳೆದು, ಒರೆಸಿ, ಮತ್ತೆ ಒಳಗೆ ತಳ್ಳಿದ್ರು. ಬೈದಿದ್ರೆ ಪರವಾಗಿರಲಿಲ್ಲ.

ಈಗ ಅದನ್ನ ಮೊದಲಿನಂಗೆ ಮಾಡೋಕೆ ಹೊರಟಿದೀನಿ. ಇನ್ನೊಂದು ಕಾರಣನೂ ಇದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ರಿಜಿಸ್ಟ್ರೇಷನ್ ನಿಯಮ ತಂತು, ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿದ ಟೂ ವೀಲರ್ ಮತ್ತೆ ಕಾರುಗಳಿಗೆ. ಹೊಸದಾಗಿ ಮಾಡಿಸೋಕೆ 20,000, ಮತ್ತೆ ಮಾಡಿಸೋಕೆ 5,000 ಫೀಸು, ನಂಬರ್ ಪ್ಲೇಟಲ್ಲಿ ವಿಎ ಅಂತ ಅಕ್ಷರ ಬರುತ್ತೆ, ದಿನಾ ಓಡಿಸೋಕಾಗಲಿ ಬಾಡಿಗೆಗಾಗಲಿ ಬಳಸಂಗಿಲ್ಲ. ಮುಖ್ಯ ಷರತ್ತು ಏನಂದ್ರೆ ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಎಂಜಿನ್ ದೊಡ್ಡದಾಗಿ ಬದಲಾಯಿಸಿರಬಾರದು. ಅಂದ್ರೆ ಯಾವ ವರ್ಷದ ಗಾಡೀಗೆ ಯಾವ ಗ್ಲಾಸು ಯಾವ ದೀಪ ಇತ್ತು ಅನ್ನೋದು ಈಗ ಬರೀ ನನ್ನಂಥೋರ ಹುಚ್ಚಲ್ಲ. ನಿಮ್ಮ ಪತ್ರಿಕೇಲಿ 1948 ಅಂತ ಬಂದ್ರೆ ಆ ಮಾಲೀಕರು ಅದನ್ನೇ ಕತ್ತರಿಸಿ ಫ್ರೇಮ್ ಹಾಕಿ ಇಟ್ಕೊತಾರೆ, ನಾಳೆ ಮಾರೋವಾಗ ಅದೇ ದಾಖಲೆ ಆಗುತ್ತೆ, ತಗೊಂಡೋನು 48ರ ಗಾಡೀಗೆ ಕೀ ಸ್ಟಾರ್ಟ್ ಯಾಕೆ ಅಂತ ತಲೆ ಕೆರ್ಕೊತಾನೆ, ಇಲ್ಲ ಅಂದ್ರೆ 48ರದ್ದು ಮಾಡೋಕೆ ಹೋಗಿ ಚೆನ್ನಾಗಿರೋ 64ರ ಗಾಡೀನ ಹಾಳು ಮಾಡ್ತಾನೆ.

ಒಂದು ತಿದ್ದುಪಡಿ ಹಾಕಿ ಅಂತ ಕೇಳ್ಕೊತೀನಿ, ಮೂಲೇಲಿ ಸಣ್ಣದಾಗಿ ಹಾಕಿದ್ರೂ ಸಾಕು. ಮೋರಿಸ್ ಹೆಸರು ನಮಗೆ ದೂರದ್ದೇನೂ ಅಲ್ಲ. ಮೊದಲ ಮೈನರ್ ಸಲೂನನ್ನ ಹಿಂದುಸ್ತಾನ್ ಮೋಟರ್ಸ್‌ನೋರು ಬೇಬಿ ಹಿಂದುಸ್ತಾನ್ ಅಂತ ಇಲ್ಲೇ ಮಾರಿದ್ರು, ಅಂಬಾಸಡರ್ ಅಂತೂ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3ರ ತದ್ರೂಪು, 2014ರವರೆಗೂ ಬಂತು. ಆ ಆಕ್ಸ್‌ಫರ್ಡ್‌ಗೂ ಮರದ ಟ್ರಾವೆಲರ್ ಇತ್ತು, 1957ರಲ್ಲಿ ಅದನ್ನ ಪೂರ್ತಿ ತಗಡಿಂದು ಮಾಡಿದ್ರು. ಮೈನರ್ ಮಾತ್ರ ಕಡೇವರೆಗೂ ಮರ ಬಿಡಲಿಲ್ಲ. ಅದು ಹಠನೋ, ಹೊಸ ಅಚ್ಚಿಗೆ ದುಡ್ಡು ಹಾಕೋಕೆ ಜಿಪುಣತನನೋ, ನನಗಂತೂ ಅದರಿಂದ ಒಳ್ಳೇದೇ ಆಯ್ತು.

ಇನ್ನೊಂದು ಸ್ವಾರ್ಥದ ಕೋರಿಕೆ, ಬೇಡ ಅನ್ನಿಸಿದ್ರೆ ಈ ಪ್ಯಾರಾ ತೆಗೆದುಬಿಡಿ. ನಮ್ಮ ಗಾಡಿಗೆ ಬೂದು ಬಣ್ಣ ವಾಪಸ್ ಬಂದಾಯ್ತು, ಅಂಬಾಸಡರ್ ದೀಪ ಬಿಚ್ಚಿ ತೂತು ಮುಚ್ಚಾಯ್ತು, ಎಡಗಡೆ ಪುಟ್ಟಿ ಕೆರೆದು ಹಳೇ ಗೂಡು ತೆರೆದಾಯ್ತು, ಒಳಗೆ ಹಳೇ ವೈರು ಹಂಗೇ ಇತ್ತು, ಜೊತೆಗೆ ಕಣಜದ ಗೂಡೂ ಇತ್ತು. ಈಗ ಆ ಕೈ ಒಂದೇ ಸಿಗ್ತಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೇಲಿ ಎರಡು ದಿನ ಅಲೆದೆ, ಅಂಗಡಿ ಹುಡುಗರು ಏನ್ ಸಾರ್ ಕಾರಿಗೆ ಕೈ ಬೇಕಾ ಅಂತ ನಕ್ಕರು. ಮೂಡಿಗೆರೆ, ಸಕಲೇಶಪುರ, ಕಳಸ ಕಡೆ ಹಳೇ ಬಂಗಲೆಗಳ ಗೋಡೌನಲ್ಲಿ, ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಪಲ್ಪರ್ ಪಕ್ಕದ ಮೂಲೇಲಿ, ತುಕ್ಕು ಹಿಡಿದ ಮೊಳೆ ಡಬ್ಬದಲ್ಲಿ ಒಂದು ಗೇಣುದ್ದ, ತುದಿ ಸಪೂರ, ಕಿತ್ತಳೆ ಪ್ಲಾಸ್ಟಿಕ್ ಇರೋ ವಸ್ತು ಏನಾದ್ರೂ ಕಂಡ್ರೆ ದಯವಿಟ್ಟು ಗುಜರಿಗೆ ಹಾಕಬೇಡಿ, ಪತ್ರಿಕೆ ಆಫೀಸಿಗೆ ತಿಳಿಸಿ, ನಾನೇ ಬಂದು ತಗೊಂಡು ಹೋಗ್ತೀನಿ, ಬರೋವಾಗ ಒಂದು ಕೆಜಿ ಕಾಫಿಪುಡಿ ತರ್ತೀನಿ. ಎಡಗಡೇದು ಬೇಕು. ಬಲಗಡೇದು ಇದೆ.

ಇಂತಿ,
ನಿಮ್ಮ ಹಳೇ ಓದುಗ, ಸಣ್ಣ ಬೆಳೆಗಾರ
ಆಲ್ದೂರು ಹೋಬಳಿ, ಚಿಕ್ಕಮಗಳೂರು ತಾಲ್ಲೂಕು